ಧ್ವನಿವರ್ಧಕ ಮತ್ತು ಸ್ಪಷ್ಟ ನುಡಿ

ನಮ್ಮ ವಳಸಂಗದಲ್ಲಿ ಜಾತ್ರೆಯಾಗಲಿ, ಶಾಲೆಯ ಸ್ನೇಹಸಮ್ಮೇಳನವಾಗಲಿ, ಧ್ವನಿವರ್ಧಕ ಇದ್ದೇ ಇರುತ್ತದೆ. ಸದ್ದು ಊರಿಗೆಲ್ಲ ಕೇಳುತ್ತದೆ. ಮಾತು ಮಾತ್ರ ಹಿಂದೆ ಕುಳಿತವರಿಗೆ ತಿಳಿಯುವುದಿಲ್ಲ. ಇದೇಕೆ?

ಉ, ಓ ಮೊದಲಾದ ಸ್ವರಗಳ ಬಲ ಬಹುಮಟ್ಟಿಗೆ ಸೆಕೆಂಡಿಗೆ 1,000ಕ್ಕಿಂತ ಕಡಿಮೆ ಕಂಪನಗಳಲ್ಲಿದೆ. 'ಸ'ಕಾರದ ಬಲ 4,000ದ ಮೇಲಿದೆ. ದಪ್ಪ ಸದ್ದು ಮೇಲುಗೈಯಾದರೆ ವ್ಯಂಜನಗಳು ಮುಳುಗುತ್ತವೆ. 'ಶಂಕರ'ನೂ 'ಸಂಕರ'ವೂ ಒಂದೇ ಆಗಿ ಕೇಳುತ್ತವೆ.

ಇದಕ್ಕೆ ಉಪಾಯ ಡಿಜಿಟಲ್ ಫಿಲ್ಟರ್. ಇದು ಅಂಕಿಗಳಿಂದ ಮಾಡಿದ ಸಾಣಿಗೆ ಎನ್ನಬಹುದು. ಡಿಜಿಟಲ್ ಮಿಕ್ಸರು ಧ್ವನಿಯನ್ನು ಸೆಕೆಂಡಿಗೆ ಸಾಮಾನ್ಯವಾಗಿ 48,000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ನೆರೆಯ ಎರಡು ಅಂಕಿಗಳನ್ನು ಕೂಡಿಸಿ ಅರ್ಧ ಮಾಡೋಣ. ನಿಧಾನವಾಗಿ ಬದಲಾಗುವ 10, 12 ಇದ್ದರೆ 11 ಬರುತ್ತದೆ. ದಪ್ಪ ಸದ್ದು ಉಳಿಯಿತು. ಥಟ್ಟನೆ ಬದಲಾಗುವ 10, -10 ಇದ್ದರೆ ಸೊನ್ನೆ. ತೆಳು ಸದ್ದು ಅಳಿಯಿತು. ಕೂಡಿಸುವ ಬದಲು ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ, ಚಿಹ್ನೆ ಬಿಟ್ಟು, 1 ಮತ್ತು 10 ಬರುತ್ತವೆ. ಈಗ ತೆಳು ಸದ್ದೇ ಉಳಿಯಿತು. ಹೀಗೆ ಅನೇಕ ಅಂಕಿಗಳನ್ನು ತಕ್ಕ ಗುಣಕಗಳಿಂದ ಗುಣಿಸಿ ಕೂಡಿಸಿದರೆ ಬೇಕಾದ ಭಾಗವನ್ನು ಏರಿಸಬಹುದು, ಬೇಡವಾದುದನ್ನು ಇಳಿಸಬಹುದು.

ಆದರೆ ಫಿಲ್ಟರಿಗೂ ಮಿತಿಯುಂಟು. 34 ಮೀಟರ್ ದೂರದ ಗೋಡೆಗೆ ಬಡಿದ ಧ್ವನಿ ಸುಮಾರು 0.2 ಸೆಕೆಂಡು ತಡವಾಗಿ ಮರಳುತ್ತದೆ. ಆ ಪ್ರತಿಧ್ವನಿಯನ್ನು ಅದು ಅಳಿಸಲಾರದು. ಸ್ಪೀಕರನ್ನು ಕೇಳುಗರ ಹತ್ತಿರ ತರಬೇಕು, ಗೋಡೆಗೆ ದಪ್ಪ ಪರದೆ ಕಟ್ಟಬೇಕು. ಸಣ್ಣ ಸ್ಪೀಕರಿನಿಂದ ದಪ್ಪ ಸದ್ದನ್ನು ಬಲವಂತವಾಗಿ ಹೊರಡಿಸಿದರೆ ಅದರ ಸುರುಳಿಯೇ ಸುಡಬಹುದು.

ಮಕ್ಕಳೇ, ಪಾಲಕರೇ, ಗಡಿನಾಡಿನಲ್ಲಿರುವ ನಮಗೆ ಒಳ್ಳೆಯ ಕನ್ನಡ ಕಿವಿಗೆ ಬೀಳುವ ಸಂದರ್ಭಗಳೇ ಕಡಿಮೆ. ಬಿದ್ದಾಗ ಅದು ಸ್ಪಷ್ಟವಾಗಿ ಬೀಳಲಿ. ಸದ್ದು ಹೆಚ್ಚಿಸುವ ಮೊದಲು ಕೊನೆಯ ಸಾಲಿಗೆ ಹೋಗಿ ಒಮ್ಮೆ ಕೇಳಿ ನೋಡೋಣ.