ಮೇದೋಜೀರಕಕ್ಕೆ ಒಳದಾರಿ

ಮೇದೋಜೀರಕ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ. ಹೊಟ್ಟೆಗೆ ಜೆಲ್ ಸವರಿ ಅಲ್ಟ್ರಾಸೌಂಡ್ ಮಾಡಿದರೆ, ಶಬ್ದದ ಅಲೆಗಳು ಕರುಳಿನ ಗಾಳಿಗೆ ಬಡಿದು ಅಲ್ಲಿಂದಲೇ ವಾಪಸಾಗುತ್ತವೆ. ಗ್ರಂಥಿಯಲ್ಲಿ ಹುಟ್ಟಿದ ಗಡ್ಡೆ ಕಾಮಾಲೆ ತರುವಷ್ಟು ಬೆಳೆಯುವವರೆಗೂ ಎಷ್ಟೋ ಸಲ ಸುಳಿವೇ ಸಿಗುವುದಿಲ್ಲ.

ಹೊರಗಿನಿಂದ ಕಾಣದಿದ್ದರೆ ಯಂತ್ರವನ್ನೇ ಒಳಗಿಳಿಸೋಣ ಎಂದು ಹೊರಟವರು ಅಮೆರಿಕದ ಮೇಯೊ ಕ್ಲಿನಿಕ್‌ನ ಯೂಜೀನ್ ಡಿಮ್ಯಾಗ್ನೊ. ಜಠರದೊಳಗೆ ಹೋಗಿ ನಿಂತರೆ ಗ್ರಂಥಿ ಗೋಡೆಯಾಚೆಗೇ ಇದೆ. ಅಷ್ಟು ಹತ್ತಿರದಿಂದ ಹೆಚ್ಚು ಆವರ್ತನದ ಶಬ್ದ ಬಳಸಬಹುದು. ಅದು ಬಹಳ ಆಳಕ್ಕೆ ಹೋಗದಿದ್ದರೂ ಸಣ್ಣ ಸಣ್ಣದನ್ನೂ ಬಿಡಿಸಿ ತೋರಿಸುತ್ತದೆ. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯ ಫಿಲಿಪ್ ಗ್ರೀನ್ ಇದರಲ್ಲಿ ಕೈಜೋಡಿಸಿದರು. ಬಾಯಿಯಿಂದ ಒಳಗಿಳಿಸುವ ಕೊಳವೆಯಾದ ಎಂಡೋಸ್ಕೋಪಿನ ತುದಿಗೆ 10 ಮೆಗಾಹರ್ಟ್ಸ್‌ನ ಅಲ್ಟ್ರಾಸೌಂಡ್ ಪ್ರೋಬ್ ಕೂರಿಸಿದರು. ತುದಿಯ 8 ಸೆಂಟಿಮೀಟರ್ ಭಾಗ ಬಾಗುತ್ತಲೇ ಇರಲಿಲ್ಲ. ಮೊದಲ ಪ್ರಯೋಗ ನಾಯಿಗಳ ಮೇಲೆ ನಡೆಯಿತು. ಅದರ ವರದಿ 1980ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಜರ್ಮನಿಯಲ್ಲಿ ಸ್ಟ್ರೋಮ್, ಕ್ಲಾಸೆನ್ ಮತ್ತು ಸಂಗಡಿಗರು ಒಲಿಂಪಸ್ ಕಂಪನಿಯ ಉಪಕರಣವನ್ನು ರೋಗಿಗಳಲ್ಲೇ ಬಳಸಿ ವರದಿ ಮಾಡಿದರು.

ಗಡ್ಡೆ ಕಂಡಿತು ಸರಿ, ಅದು ಕ್ಯಾನ್ಸರೋ ಹಳೆಯ ಉರಿಯೂತವೋ? ಚಿತ್ರ ನೋಡಿ ಖಚಿತವಾಗಿ ಹೇಳಲಾಗದು, ಜೀವಕೋಶ ಬೇಕು. ಇಲ್ಲಿ ದೊಡ್ಡ ತೊಡಕಿತ್ತು. ಆಗ ಬಳಕೆಯಲ್ಲಿದ್ದ ಉಪಕರಣ ಸುತ್ತಲೂ ತಿರುಗುತ್ತಾ, ಬಾಳೆದಿಂಡನ್ನು ಬಿಲ್ಲೆಯಾಗಿ ಕೊಯ್ದಂತೆ ಅಡ್ಡ ಚಿತ್ರ ಕೊಡುತ್ತಿತ್ತು. ಅದರೊಳಗಿಂದ ಸೂಜಿ ತೂರಿಸಿದರೆ ಪರದೆಯಲ್ಲಿ ಕಾಣುವುದು ಒಂದು ಚುಕ್ಕೆ ಮಾತ್ರ. ಮೊನೆ ಎಲ್ಲಿದೆ, ಯಾವ ರಕ್ತನಾಳದ ಪಕ್ಕದಲ್ಲಿದೆ ಎಂದು ತಿಳಿಯುವಂತಿರಲಿಲ್ಲ. ಪೆಂಟಾಕ್ಸ್ ಕಂಪನಿಯ ಹೊಸ ಎಂಡೋಸ್ಕೋಪ್ ಅದೇ ದಿಂಡನ್ನು ಉದ್ದಕ್ಕೆ ಸೀಳಿ ತೋರಿಸಿತು. ಸೂಜಿ ಹೊರಬಂದ ಕ್ಷಣದಿಂದ ಗಡ್ಡೆಯನ್ನು ಹೊಗುವವರೆಗೆ ಬಿಳಿ ಗೆರೆಯಾಗಿ ಪೂರ್ತಿ ಕಾಣುತ್ತದೆ. ಡೆನ್ಮಾರ್ಕಿನ ಪೀಟರ್ ವಿಲ್ಮನ್ ಮತ್ತು ಸಂಗಡಿಗರು ಹೀಗೆ ಮೇದೋಜೀರಕದಿಂದ ಜೀವಕೋಶ ತೆಗೆದದ್ದನ್ನು 1992ರಲ್ಲಿ ಪ್ರಕಟಿಸಿದರು. ನನಗಂತೂ ಈ ಆವಿಷ್ಕಾರದಲ್ಲಿ ಅತಿ ದೊಡ್ಡದೆನಿಸುವುದು ಈ ಒಂದು ತಿರುವು. ಹೊಟ್ಟೆ ಕೊಯ್ಯದೆ ಉತ್ತರ ಸಿಗುವಂತಾಯಿತು. ಆಮೇಲೆ ಅದೇ ಸೂಜಿಯ ದಾರಿಯಲ್ಲಿ ನೋವಿನ ನರಗಳಿಗೆ ಮದ್ದು ಹೋಯಿತು, ಕಟ್ಟಿಕೊಂಡ ಪಿತ್ತ ಹೊರಬಂತು.

ಈ ವಿದ್ಯೆ ಪುಸ್ತಕ ಓದಿ ಬರುವಂಥದ್ದಲ್ಲ. ಕಲಿಯುವವರು ಮೊದಲು ಮಹಾಪಧಮನಿಯನ್ನು ಹುಡುಕುತ್ತಾರೆ, ಅದರ ಗುಂಟ ಇಳಿದು ಕವಲು ಸಿಕ್ಕಿದ ಮೇಲೆ ಗ್ರಂಥಿಯತ್ತ ಹೊರಳುತ್ತಾರೆ. ಕೈ ಕೂದಲೆಳೆಯಷ್ಟು ತಿರುಗಿದರೂ ಪರದೆಯ ಚಿತ್ರವೇ ಬದಲಾಗಿಬಿಡುತ್ತದೆ. ಅದಕ್ಕೇ ಎಷ್ಟೋ ಕಡೆ ಅರಿವಳಿಕೆ ಕೊಟ್ಟ ಹಂದಿಗಳಲ್ಲಿ ಅಭ್ಯಾಸ ಮಾಡಿಸುತ್ತಾರೆ. ಅಮೆರಿಕದ ಎಂಡೋಸ್ಕೋಪಿ ತಜ್ಞರ ಸಂಘ ಒಮ್ಮೆ, ಗುರುಗಳ ಕಣ್ಣೆದುರು ಕನಿಷ್ಠ 150 ಪರೀಕ್ಷೆ ಮಾಡಿರಬೇಕು ಎಂದಿತ್ತು. ಮುಂದಿನ ಅಧ್ಯಯನಗಳಲ್ಲಿ ಅನೇಕರಿಗೆ ಅಷ್ಟು ಸಾಲದೆಂದು ಕಂಡು, ಲೆಕ್ಕ 225ಕ್ಕೆ ಏರಿತು. ಈಗ ಸಂಖ್ಯೆಯೊಂದನ್ನೇ ನೆಚ್ಚದೆ, ಪ್ರತಿಯೊಬ್ಬರ ಕೈ ಪಳಗಿದೆಯೇ ಎಂದು ಬೇರೆ ಬೇರೆಯಾಗಿ ಅಳೆಯುವ ಕಡೆಗೆ ಬೋಧಕರು ಹೊರಳಿದ್ದಾರೆ.