ಅಂಗೈಗೆ ಮಾತ್ರ ಲೇಪನ ಏಕೆ?

ಪ್ರಶ್ನೆ: ಗ್ಯಾರೇಜಿನವರು ಹಾಕಿಕೊಳ್ಳುವ ಕೈಗವಸಿಗೆ ಅಂಗೈ ಕಡೆ ಮಾತ್ರ ರಬ್ಬರಿನಂಥ ಲೇಪನವಿರುತ್ತದೆ, ಹಿಂಬದಿ ಬರೀ ಬಟ್ಟೆ. ಇದು ಖರ್ಚು ಉಳಿಸುವ ಉಪಾಯವೇ?

ಉತ್ತರ: ಖರ್ಚೂ ಉಳಿಯುತ್ತದೆ, ಇಲ್ಲವೆನ್ನಲಾರೆ. ಆದರೆ ಮುಖ್ಯ ಕಾರಣ ಬಟ್ಟೆಯ ರಚನೆಯಲ್ಲಿದೆ. ಮಗ್ಗದ ಬಟ್ಟೆಯಲ್ಲಿ ನೂಲುಗಳು ಅಡ್ಡ, ಉದ್ದ ನೇರವಾಗಿ ಸಾಗುತ್ತವೆ. ಈ ಕೈಗವಸಿನಂಥ ಹೆಣೆದ ಬಟ್ಟೆಯಲ್ಲಿ, ಅಂದರೆ ಬನಿಯನ್ನಿನ ಥರದ್ದರಲ್ಲಿ, ಒಂದು ಕುಣಿಕೆಯೊಳಗೆ ಇನ್ನೊಂದು ಕುಣಿಕೆ. ಎಳೆದಾಗ ಹೆಚ್ಚಾಗಿ ಹಿಗ್ಗುವುದು ನೂಲಲ್ಲ. ಕುಣಿಕೆಗಳೇ ಆಕಾರ ಬದಲಿಸಿ ಜಾಗ ಬಿಡುತ್ತವೆ. ಬೆರಳು ಮಡಚಿದಾಗ ಗೆಣ್ಣಿನ ಮೇಲೆ ಈ ಹಿಗ್ಗುವಿಕೆ ಬೇಕೇ ಬೇಕು. ಅಲ್ಲಿಗೂ ಲೇಪನ ಬಳಿದರೆ ಕುಣಿಕೆಗಳು ಅಂಟಿಕೊಂಡು ಕೈ ಬಿಗಿಯುತ್ತದೆ, ಬೆವರೂ ಆರುವುದಿಲ್ಲ.

ಅಂಗೈಯಲ್ಲೂ ಲೇಪನ ಆಳಕ್ಕೆ ಇಳಿಯಬಾರದು. ಅದಕ್ಕೇ ಅನೇಕ ಕಾರ್ಖಾನೆಗಳಲ್ಲಿ ಅಚ್ಚಿಗೆ ತೊಡಿಸಿದ ಕೈಗವಸನ್ನು ಮೊದಲು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ, ಆಮೇಲೆ ಲೇಟೆಕ್ಸ್‌ನಲ್ಲಿ ಅದ್ದುತ್ತಾರೆ. ಲವಣ ತಾಗಿದೊಡನೆ ಲೇಟೆಕ್ಸ್ ಹೆಪ್ಪುಗಟ್ಟಿ ಮೇಲ್ಪದರದಲ್ಲೇ ನಿಲ್ಲುತ್ತದೆ.

ಲೇಪನದಿಂದ ಹಿಡಿತ ಸಿಗುತ್ತದೆ, ಸವೆತ ತಗ್ಗುತ್ತದೆ. ಹರಿಯುವ ವಿಷಯದಲ್ಲಿ ಮಾತ್ರ ಲೆಕ್ಕ ಉಲ್ಟಾ ಆಗಬಹುದು. ಬರೀ ಬಟ್ಟೆಯಲ್ಲಿ ನೂಲುಗಳು ಸರಿದು ಗುಂಪಾಗಿ ಎಳೆತ ತಡೆಯುತ್ತವೆ. ಗಡಸು ಲೇಪನದಲ್ಲಿ ಸಿಕ್ಕಿಕೊಂಡವು ಸರಿಯಲಾರದೆ ಒಂದೊಂದಾಗಿ ತುಂಡಾಗುತ್ತವೆ.

ಅಂದಹಾಗೆ, ಆಯಿಲ್ ಮುಟ್ಟುವ ಕೆಲಸವಿದ್ದರೆ ಅಂಗಡಿಯಲ್ಲಿ ನೈಟ್ರೈಲ್ ಲೇಪನದ್ದನ್ನೇ ಕೇಳಿ. ನೈಸರ್ಗಿಕ ರಬ್ಬರು ಎಂಜಿನ್ ಆಯಿಲ್ ಹೀರಿ ಉಬ್ಬಿ ಮೆತ್ತಗಾಗುತ್ತದೆ.