ಕೊಂಡಿ ಸರಿ ಇದ್ದರೆ ಲೈಬ್ರರಿ ಕೂಡುತ್ತದೆ

ಪಕ್ಕದ ಇಳಕಲ್ಲಿನ ಸೀರೆಯಲ್ಲಿ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ. ಕೊಂಡಿ ಹಾಕಿ ಕೂಡಿಸುತ್ತಾರೆ. ಸ್ಕಾಲಾ ಪ್ರೋಗ್ರಾಮಿಗೆ ಬೇರೆಯವರ ಲೈಬ್ರರಿ ಸೇರಿಸುವುದೂ ಹಾಗೆಯೇ.

ಅಬ್ಬಾ ಅವರ ಅಂಗಡಿಯ ಉದ್ರಿ ಲೆಕ್ಕಕ್ಕೆ ನನಗೆ ಸಿಎಸ್‌ವಿ ಫೈಲ್ ಓದುವ ಲೈಬ್ರರಿ ಬೇಕಿತ್ತು. 'ಬಿಲ್ಡ್.ಎಸ್‌ಬಿಟಿ' ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಬರೆಯಬೇಕು:

ಲೈಬ್ರರಿಡಿಪೆಂಡೆನ್ಸೀಸ್ += "ಸಂಸ್ಥೆ" %% "ಹೆಸರು" % "ಆವೃತ್ತಿ"

ಎರಡು %% ಇದ್ದರೆ ಎಸ್‌ಬಿಟಿ ನಮ್ಮ ಸ್ಕಾಲಾ ಆವೃತ್ತಿಯನ್ನು (2.13 ಅಥವಾ 3) ಹೆಸರಿಗೆ ತಾನೇ ಸೇರಿಸಿ ಹುಡುಕುತ್ತದೆ. ಜಾವಾ ಲೈಬ್ರರಿಗೆ ಒಂದೇ % ಸಾಕು. ಸ್ಕಾಲಾ ಲೈಬ್ರರಿಗೂ ನಾನು ಒಂದೇ ಹಾಕಿ, ಸಂಜೆಯೆಲ್ಲ 'ಸಿಗಲಿಲ್ಲ' ಎಂಬ ಎರರ್ ನೋಡುತ್ತ ಕುಳಿತೆ!

ಮೇವನ್ ಸೆಂಟ್ರಲ್‌ನಿಂದ ಒಮ್ಮೆ ಇಳಿದ ಲೈಬ್ರರಿ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಮತ್ತೆ ಡೇಟಾ ಖರ್ಚಾಗದು. ಈಗ ಉದ್ರಿಯ ಮೊತ್ತ ಅಬ್ಬಾ ಅವರ ವಹಿಗೆ ತಾಳೆಯಾಗುತ್ತದೆ.